ವೆಲ್ಡಾಳ ಎಂಟನೇ ತೋಟಾ

ನಮ್ಮ ಆಲ್ಡರ್ ಬೆಂಡ್‌ನಲ್ಲಿ ವೆಲ್ಡಾ ಕ್ರೌಸ್ ಯಾರೆಂದು ಗೊತ್ತಿಲ್ಲದವರಿಲ್ಲ, ಅವಳ ಬಾಯಿಗೆ ಸಿಕ್ಕದವರೂ ಇಲ್ಲ. ಮೂವತ್ತೊಂದು ವರ್ಷ ರೈಲು ಹಳಿಯ ಪಕ್ಕದ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ ಮಾಡಿದವಳು. ಮುಸುಕಿನ ಜೋಳ ಹೇರಿಕೊಂಡ ಲಾರಿ ತೂಕದ ಕಟ್ಟೆಗೆ ಬಂದು ನಿಂತರೆ ಕಿಟಕಿಯಿಂದ ತಲೆ ಹಾಕಿ, "ಕೆಳಗಿಳಿ. ನಾಯೀನೂ ಇಳಿಸು" ಅನ್ನುತ್ತಿದ್ದಳು. ತುಂಬಿದ ಲಾರಿ ತೂಗುವಾಗ ನಾಯಿ ಒಳಗೆ, ಖಾಲಿ ಲಾರಿ ತೂಗುವಾಗ ನಾಯಿ ಹೊರಗೆ ಇದ್ದು, ನಾಯಿಯ ತೂಕಕ್ಕೂ ಜೋಳದ ದುಡ್ಡು ಸಿಗುವ ಚಮತ್ಕಾರ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿತ್ತು. ವೆಲ್ಡಾಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಒಂದು ಸುಗ್ಗಿಯಲ್ಲಿ ನಮ್ಮಪ್ಪನ ಜೋಳ ಒಣಗಿಲ್ಲವೆಂದು ಎರಡು ಲಾರಿ ವಾಪಸ್ ಕಳಿಸಿದಳು. ಅಪ್ಪ ಆರು ತಿಂಗಳು ಅವಳ ಮುಖ ನೋಡಲಿಲ್ಲ. ಚರ್ಚಿನಲ್ಲಿ ಅವಳು ಕೂತ ಸಾಲನ್ನು ಬಿಟ್ಟು ಆಚೆ ತುದಿಗೆ ಹೋಗಿ ಕೂರುತ್ತಿದ್ದ. ನಾನು ಆ ಅಪ್ಪನ ಮಗ ರಾಯ್ಸ್ ಟಿಂಡಲ್. ಟ್ರ್ಯಾಕ್ಟರ್ ರಿಪೇರಿ ನನ್ನ ಕಸುಬು, ಸಿಟ್ಟು ಅಪ್ಪನಿಂದ ಬಂದ ಆಸ್ತಿ. ಆದರೂ ಇಪ್ಪತ್ತೆರಡು ವರ್ಷದಿಂದ ವಾರಕ್ಕೊಂದು ಸಲವಾದರೂ ವೆಲ್ಡಾಳ ಗ್ಯಾರೇಜಿಗೆ ಹೋಗಿ ಬೈಸಿಕೊಂಡು ಬರದಿದ್ದರೆ ನನಗೆ ವಾರ ಮುಗಿದಂತೆ ಅನ್ನಿಸುವುದಿಲ್ಲ. ಕಾರಣ ರಿವಾಲ್ವರ್.

ರಿವಾಲ್ವರ್ ಆಟದಲ್ಲಿ ಅಂಗಡಿಯಿಂದ ತೋಟಾ ತಂದು ಹೊಡೆಯುವವನನ್ನು ಯಾರೂ ಬಯ್ಯುವುದಿಲ್ಲ. ಪಾಪ, ಹೊಸಬ ಅಂದುಕೊಂಡು ಸುಮ್ಮನಿರುತ್ತಾರೆ. ಆಟ ಗೊತ್ತಿದ್ದವನು ತೋಟಾವನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಹೊಡೆದು ಕಾಲಡಿ ಬಿದ್ದ ಹಿತ್ತಾಳೆ ಕೊಳವೆಗಳನ್ನು ಒಂದೂ ಬಿಡದೆ ಆರಿಸಿ ತಂದು, ಜೋಳದ ದಿಂಡಿನ ಪುಡಿಯಲ್ಲಿ ಹಾಕಿ ಅಲುಗಿಸಿ ಹೊಳಪು ಬರಿಸಬೇಕು. ಪ್ರೆಸ್ಸಿನಲ್ಲಿ ಒತ್ತಿ ಅಳತೆಗೆ ತರಬೇಕು. ತಳದಲ್ಲಿ ಕಿಡಿ ಕೊಡುವ ಪುಟ್ಟ ಪ್ರೈಮರ್ ಕೂರಿಸಿ, ಒಳಗೆ ಮದ್ದು ಸುರಿದು, ಮೇಲೆ ಸೀಸದ ಗುಂಡನ್ನು ಒತ್ತಿ ಬಾಯಿ ಬಿಗಿಯಬೇಕು. ಕೇಳಲಿಕ್ಕೆ ಇಷ್ಟೇ. ಮದ್ದು ಎರಡು ಸಲ ಬಿದ್ದರೆ ರಿವಾಲ್ವರ್ ಕೈಯಲ್ಲೇ ಒಡೆಯುತ್ತದೆ, ಬೀಳದೇ ಹೋದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡು ಕೂರುತ್ತದೆ.

ವೆಲ್ಡಾ ಐವತ್ತು ಕೊಳವೆಗಳನ್ನು ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ ಮದ್ದು ಸುರಿದ ಮೇಲೆ, ಒಂದೊಂದರೊಳಗೂ ಟಾರ್ಚ್ ಬಿಟ್ಟು ಇಣುಕಿ ನೋಡುತ್ತಿದ್ದಳು. ಆಗ ರೇಡಿಯೋ ಬಂದ್, ಮಾತು ಬಂದ್. ಮೊದಲ ವರ್ಷ ನಾನು ಅದು ಗೊತ್ತಿಲ್ಲದೆ ನಡುವೆ ಫುಟ್‌ಬಾಲ್ ಸುದ್ದಿ ತೆಗೆದೆ. ವೆಲ್ಡಾ ಐವತ್ತೂ ಕೊಳವೆಗಳ ಮದ್ದನ್ನು ಡಬ್ಬಿಗೆ ವಾಪಸ್ ಸುರಿದಳು.

"ಯಾಕೆ, ಸರಿಯಾಗೇ ಸುರೀತಿದ್ದೆಯಲ್ಲ?" ಎಂದೆ.

"ಯಾವುದಕ್ಕೆ ಸುರಿದೆ, ಯಾವುದಕ್ಕೆ ಬಿಟ್ಟೆ ಅಂತ ಹೋಗಿ ನಿನ್ನ ಫುಟ್‌ಬಾಲ್ ಕೋಚ್‌ನ ಕೇಳ್ಕೊಂಡು ಬಾ" ಎಂದಳು.

ಅವಳ ಗಂಡ ಎಡ್ವಿನ್ ಬದುಕಿದ್ದಾಗ ಅವನದ್ದು ಗ್ಯಾರೇಜಿನ ಅರ್ಧ ಭಾಗ, ಇವಳದ್ದು ಅರ್ಧ. ಅವನು ಹೋದ ಮೇಲೆ ಪೂರ್ತಿ ಗ್ಯಾರೇಜು ಇವಳದ್ದೇ ಆಯಿತು, ಕಾರು ಹೊರಗೆ ಮಂಜಿನಲ್ಲಿ ನಿಂತಿತು. ಗುಂಡನ್ನೂ ಅವಳು ಕೊಳ್ಳುತ್ತಿರಲಿಲ್ಲ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ತಾನೇ ಎರಕ ತೆಗೆಯುತ್ತಿದ್ದಳು. ಹಾಗೆ ತೆಗೆದದ್ದನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ, ತೂಕಕ್ಕೆ ಬಾರದ್ದನ್ನು ಮತ್ತೆ ಕರಗುವ ಪಾತ್ರೆಗೇ ಎಸೆಯುತ್ತಿದ್ದಳು. ಮಗ್ಗುಲಲ್ಲಿ ಕೂತ ನನಗೆ ಹೊಟ್ಟೆ ಉರಿಯುತ್ತಿತ್ತು, ಎಂಥ ಚಂದದ ಗುಂಡುಗಳು ಅವು!

ಇಂಥವಳು ಅರವತ್ತಾರನೇ ವಯಸ್ಸಿನ ಫೆಬ್ರವರಿಯಲ್ಲಿ ಟಪಾಲು ಪೆಟ್ಟಿಗೆಯ ಹತ್ತಿರ ಹಿಮಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಒಳಗೆ ಉಕ್ಕಿನ ಪಟ್ಟಿ ಇಟ್ಟು ಆರು ಸ್ಕ್ರೂ ಬಿಗಿದರು. ಡಾಕ್ಟರು ರಿವಾಲ್ವರ್ ಬಿಟ್ಟು ಹೆಣಿಗೆ ಹಾಕಿ ಎಂದರಂತೆ.

"ನೀನೇನಂದೆ?" ಎಂದು ಕೇಳಿದೆ.

"ಹೆಣಿಗೆ ನಿಮ್ಮಮ್ಮ ಹಾಕ್ಲಿ ಅಂದೆ."

ಹಾಗೆ ಅಂದದ್ದೇನೋ ಸರಿ. ಆದರೆ ಕೈ ವಾಸಿಯಾದ ಮೇಲೆ ತನ್ನ ಹಳೆಯ ತೋಟಾ ಹಾಕಿ ಆರು ಗುಂಡು ಹೊಡೆದಳು ನೋಡಿ, ಮಣಿಕಟ್ಟು ಬದನೆಕಾಯಿಯ ಹಾಗೆ ಊದಿ ನೀಲಿಯಾಯಿತು. ಮೂರು ದಿನ ಕಾಫಿ ಲೋಟ ಎತ್ತಲಾಗಲಿಲ್ಲ. ಮದ್ದು ಕಡಿಮೆ ಮಾಡಿದರಾಯಿತು ಅನ್ನುತ್ತೀರಿ. ಅಲ್ಲೇ ಇರುವುದು ತೊಡಕು. ಮೆತ್ತನೆಯ ತೋಟಾ ಒದೆಯುವುದಿಲ್ಲ, ಒದೆಯದ ರಿವಾಲ್ವರ್‌ನಲ್ಲಿ ಯಾರು ಬೇಕಾದರೂ ಚಕಚಕನೆ ಗುರಿ ಹೊಡೆಯಬಹುದು. ಅದಕ್ಕೇ ಪಂದ್ಯದಲ್ಲೊಂದು ನಿಯಮವಿದೆ. ಗುಂಡಿನ ತೂಕವನ್ನು ಗ್ರೇನ್ ಎಂಬ ಸಣ್ಣ ಅಳತೆಯಲ್ಲಿ ಹಿಡಿದು, ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗದಿಂದ ಗುಣಿಸಿದರೆ ಒಂದು ಲಕ್ಷ ಇಪ್ಪತ್ತು ಸಾವಿರ ಮುಟ್ಟಬೇಕು. ಒಂದು ಅಂಕಿ ಕಡಿಮೆಯಾದರೂ ದಿನವೆಲ್ಲ ಹೊಡೆಯಬಹುದು, ಆದರೆ ಹೆಸರಿನ ಮುಂದೆ ಬೀಳುವುದು ಸೊನ್ನೆ.

ಹದಿನಾಲ್ಕು ತಿಂಗಳು ವೆಲ್ಡಾ ಆ ಗೆರೆಯ ಅಂಚು ಹುಡುಕಿದಳು. ಗುಂಡಿನ ತೂಕ ಹೆಚ್ಚಿಸಿದಳು, ಮದ್ದು ಬದಲಾಯಿಸಿದಳು, ಬಾಯಿ ಬಿಗಿಯುವುದನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿದಳು. ಪ್ರತಿ ಸಲವೂ ಮನೆ ಹಿಂದಿನ ಹೊಲದಲ್ಲಿ ವೇಗ ಅಳೆಯುವ ಯಂತ್ರ ಇಟ್ಟು ಹೊಡೆಯುವುದು, ಬರೆದುಕೊಳ್ಳುವುದು, ಕೈಗೆ ಐಸ್ ಕಟ್ಟಿಕೊಂಡು ಕೂರುವುದು. ಕೊನೆಗೆ ಆಗಸ್ಟ್‌ನಲ್ಲಿ ಒಂದು ದಿನ ಫೋನ್ ಮಾಡಿ, "ಬಾ" ಎಂದಷ್ಟೇ ಹೇಳಿ ಇಟ್ಟಳು. ನಾನು ಗಾಬರಿಯಿಂದ ಓಡಿದೆ. ಗ್ಯಾರೇಜಿನ ಬಾಗಿಲಲ್ಲೇ ಕಾಗದ ಹಿಡಿದು ನಿಂತಿದ್ದಳು. ಗುಂಡಿನ ತೂಕ ನೂರ ಐವತ್ತೊಂಬತ್ತು, ವೇಗ ಏಳುನೂರ ಎಪ್ಪತ್ತಡಿ. ಗುಣಿಸಿದರೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಚಿಲ್ಲರೆ. ಕೈ ಊದಿರಲಿಲ್ಲ! ನಾನು ಕೂಗಿಕೊಂಡು ಅವಳನ್ನು ತಬ್ಬಿಕೊಳ್ಳಲು ಹೋದೆ.

"ದೂರ ನಿಂತ್ಕೋ, ಗ್ರೀಸ್ ಕೈ" ಎಂದು ದಬ್ಬಿದಳು. ಆಮೇಲೆ ಒಳಗೆ ಕೂರಿಸಿ ಸೇಬಿನ ಪೈ ಕೊಟ್ಟಳು, ಕೇಳದೇ ಇನ್ನೊಂದು ತುಂಡೂ ಹಾಕಿದಳು. "ನೋಡು ರಾಯ್ಸ್, ಇದಕ್ಕಿಂತ ಜೋರು ಅಂದ್ರೆ ನನ್ನ ಕೈ ತಡಿಯಲ್ಲ, ಇದಕ್ಕಿಂತ ಮೆತ್ತಗೆ ಅಂದ್ರೆ ರೂಲ್ ಒಪ್ಪಲ್ಲ. ಅಕ್ಟೋಬರ್ ಪಂದ್ಯದಲ್ಲಿ ಈ ತೋಟಾ ಪಾಸಾದ್ರೆ ಆಟದಲ್ಲಿ ಇರ್ತೀನಿ. ಇಲ್ದಿದ್ರೆ ರಿವಾಲ್ವರ್ ಮಾರಿ ಹೆಣಿಗೆ ಕಡ್ಡಿ ತಗೋತೀನಿ. ಮತ್ತೆ ಹದಿನಾಲ್ಕು ತಿಂಗಳು ಈ ಕೈಗೆ ಹೊಡೆತ ತಿನ್ನಿಸೋಕೆ ನನ್ನಿಂದ ಆಗಲ್ಲ."

ನಗುತ್ತಲೇ ಹೇಳಿದಳು. ನಾನು ಎರಡನೇ ತುಂಡು ಮುಟ್ಟದೆ ತಟ್ಟೆಯನ್ನು ಬೆಂಚಿನ ಮೇಲಿಟ್ಟೆ. ಆ ಬೆಂಚಿನ ಮುಂದೆ ವೆಲ್ಡಾ ಇಲ್ಲದ ಗ್ಯಾರೇಜನ್ನು ನೆನೆಸಿಕೊಳ್ಳಲೂ ನನಗೆ ಭಯವಾಯಿತು.

ಅಕ್ಟೋಬರ್‌ನ ರಾಜ್ಯ ಪಂದ್ಯ ನಮ್ಮ ಕ್ಲಬ್ಬಿನ ಮೈದಾನದಲ್ಲೇ ಇತ್ತು. ಪಂದ್ಯ ನಡೆಸುವ ನಾವೆಲ್ಲ ಶುಕ್ರವಾರವೇ ನಮ್ಮ ಪಾಲಿನ ಗುಂಡು ಹೊಡೆದು ಮುಗಿಸಿ, ಶನಿವಾರ ಕೆಲಸಕ್ಕೆ ನಿಂತೆವು. ವೇಗ ಅಳೆಯುವ ಮೇಜು ನನ್ನದು ಮತ್ತು ಲೈಲ್ ವೋಂಡ್ರಾನದು. ನಾನು ಹೊಡೆಯಬೇಕು, ಲೈಲ್ ತೂಗಿ, ಗುಣಿಸಿ, ಬರೆಯಬೇಕು. ಲೈಲ್ ನಿವೃತ್ತ ಪ್ಲಂಬರ್, ಬಾಗಿಲಷ್ಟು ಅಗಲದ ಮನುಷ್ಯ. ಮದ್ದು ಧಾರಾಳವಾಗಿ ತುಂಬುವುದೇ ಗಂಡಸುತನ ಎಂದು ನಂಬಿದವನು. ಶುಕ್ರವಾರದ ಲೆಕ್ಕದಲ್ಲಿ ಅರವತ್ತೈದು ದಾಟಿದವರ ಪೈಕಿ ಅವನೇ ಮುಂದಿದ್ದ, ಮತ್ತು ಅದನ್ನು ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದ.

ಹತ್ತು ಗಂಟೆಗೆ ವೆಲ್ಡಾಳ ಗುಂಪು ಬಂತು. ಗಾಳಿ ಕೊರೆಯುತ್ತಿತ್ತು. ಅವಳು ಎಡ್ವಿನ್ನನ ಹಳೇ ಕೋಟು ಹಾಕಿಕೊಂಡಿದ್ದಳು.

"ಬಂದ್ರು ನೋಡಪ್ಪ, ಹತ್ತಿ ಉಂಡೆ ವೆಲ್ಡಾ!" ಎಂದ ಲೈಲ್. "ನಿನ್ನ ಗುಂಡು ಗುರಿ ತಲುಪೋಷ್ಟರಲ್ಲಿ ನಾನು ಒಂದು ಕಪ್ ಕಾಫಿ ಕುಡಿದು ಬರಬಹುದು."

"ಹೋಗಿ ಬಾ. ಬರುವಾಗ ಹಲ್ಲುಜ್ಜಿಕೊಂಡು ಬಾ."

ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. ಲೈಲ್ ಅವಳ ಡಬ್ಬಿಯಿಂದ ಕಣ್ಣು ಮುಚ್ಚಿ ಎಂಟು ತೋಟಾ ಎತ್ತಿಕೊಂಡ. ಯಾವಾಗಲೂ ಎಂಟೇ. ಒಂದನ್ನು ಬಿಚ್ಚಿ ಗುಂಡು ತೂಗುವುದು, ಮೂರನ್ನು ಹೊಡೆದು ಸರಾಸರಿ ವೇಗ ನೋಡುವುದು. ಸಾಲದಿದ್ದರೆ ಇನ್ನು ಮೂರು ಹೊಡೆದು, ಆರರಲ್ಲಿ ಜೋರಾದ ಮೂರನ್ನು ಹಿಡಿಯುವುದು. ಅದೂ ಸಾಲದಿದ್ದರೆ ಉಳಿದ ಒಂದೇ ಒಂದು ತೋಟಾ ಆಟಗಾರನ ಕೊನೆಯ ಅವಕಾಶ. ಅದನ್ನು ಹೊಡೆಸಿ ವೇಗದ ಸರಾಸರಿ ಏರಿಸಿಕೊಳ್ಳಬಹುದು, ಇಲ್ಲವೇ ಬಿಚ್ಚಿಸಿ ತೂಗಿಸಿ, ಭಾರ ಬಂದರೆ ಆ ತೂಕವನ್ನೇ ಹಿಡಿಯಬಹುದು.

ತೋಟಾ ಬಿಚ್ಚಲು ಲೈಲ್‌ನ ಹತ್ತಿರ ಒಂದು ಪ್ಲಾಸ್ಟಿಕ್ ಸುತ್ತಿಗೆ ಇದೆ. ಅದರ ಪೊಳ್ಳು ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಸಡಿಲಾಗಿ ಒಳಗೇ ಕಳಚಿಕೊಳ್ಳುತ್ತದೆ. ಎರಡು ಬಡಿತ ಸಾಕಾಗುವಲ್ಲಿ ಲೈಲ್ ಐದು ಬಡಿಯುತ್ತಾನೆ. ಅಂದೂ ಬಡಿದ. ಗಾಳಿಗೆ ಅಡ್ಡವಾಗಿ ರಟ್ಟಿನ ಡಬ್ಬಿಯೊಳಗೆ ಇಟ್ಟಿದ್ದ ತಕ್ಕಡಿಯ ಮೇಲೆ ಗುಂಡು ಇಟ್ಟು ಓದಿದ. "ನೂರ ಐವತ್ತೆಂಟು ಪಾಯಿಂಟ್ ಎರಡು ಗ್ರೇನ್."

ವೆಲ್ಡಾ ಹುಬ್ಬು ಗಂಟಿಕ್ಕಿದಳು.

ನಾನು ಅವಳ ರಿವಾಲ್ವರ್‌ಗೆ ಮೂರು ತೋಟಾ ತುಂಬಿದೆ. ನಮ್ಮ ಮೇಜಿನ ಪದ್ಧತಿ ಪ್ರಕಾರ ಪ್ರತಿ ಹೊಡೆತಕ್ಕೂ ಮೊದಲು ರಿವಾಲ್ವರ್ ಮೂತಿಯನ್ನು ಮುಂದಿನ ಮರಳಿನ ಚೀಲದತ್ತ ಕೆಳಗೆ ಮಾಡಿ ಹಿಡಿದಿರಬೇಕು. ಅಲ್ಲಿಂದ ಎತ್ತಿ ಹೊಡೆಯಬೇಕು. ಬೆಳಿಗ್ಗೆಯಿಂದ ಎಲ್ಲರದ್ದನ್ನೂ ಹಾಗೇ ಹೊಡೆದಿದ್ದೆ. ಢಂ. ಢಂ. ಢಂ. ನಿಜ ಹೇಳಬೇಕೆಂದರೆ ಢಂ ಕೂಡ ಅಲ್ಲ, ಬಾಗಿಲು ಹಾಕಿದಷ್ಟು ಸದ್ದು. ಸರಾಸರಿ ಏಳುನೂರ ನಲವತ್ತೊಂಬತ್ತು. ಲೈಲ್ ಗುಣಿಸಿದ. ಒಂದು ಲಕ್ಷ ಹದಿನೆಂಟು ಸಾವಿರದ ನಾನೂರು ಚಿಲ್ಲರೆ.

ಏಳುನೂರ ಎಪ್ಪತ್ತು ಎಲ್ಲಿ ಹೋಯಿತು? ವೆಲ್ಡಾ ನನ್ನ ಕೈಯನ್ನೇ ನೋಡುತ್ತಿದ್ದಳು.

"ಮೂತಿ ಕೆಳಗಿಂದ ಎತ್ತಿ ಹೊಡೀತಿದ್ದೀಯ" ಎಂದಳು.

"ಎಲ್ಲರಿಗೂ ಹಾಗೇ ವೆಲ್ಡಾ."

"ಗೊತ್ತು ಕಣೋ. ನಾನು ಮನೇಲಿ ಮೂತಿ ಆಕಾಶಕ್ಕೆ ಮಾಡ್ಕೊಂಡು ನಿಂತು, ಇಳಿಸಿ ಹೊಡೀತೀನಿ. ನಲವತ್ತು ವರ್ಷದ ಚಾಳಿ." ಕಣ್ಣು ಮುಚ್ಚಿ ತೆಗೆದಳು. "ಹದಿನಾಲ್ಕು ತಿಂಗಳು ಅಳೆದೆ. ಬುದ್ಧಿಗೇಡಿ."

ನನಗೆ ತಕ್ಷಣ ಹೊಳೆಯಿತು. ಅವಳ ತೋಟಾದಲ್ಲಿ ಮದ್ದು ಚೂರೇ ಚೂರು, ಉದ್ದದ ಕೊಳವೆಯಲ್ಲಿ ಮುಕ್ಕಾಲು ಪಾಲು ಖಾಲಿ. ಮೂತಿ ಮೇಲಿದ್ದರೆ ಮದ್ದು ಹಿಂದಕ್ಕೆ ಸರಿದು ಪ್ರೈಮರ್ ಮೇಲೆ ಕೂರುತ್ತದೆ, ಚೆನ್ನಾಗಿ ಹೊತ್ತಿಕೊಂಡು ಗುಂಡು ಜೋರಾಗಿ ಹೋಗುತ್ತದೆ. ಮೂತಿ ಕೆಳಗಿದ್ದರೆ ಮದ್ದೆಲ್ಲ ಮುಂದಕ್ಕೆ ಜಾರಿ ಗುಂಡಿನ ಬೆನ್ನಿಗೆ ಸೇರುತ್ತದೆ, ಗುಂಡು ಸೋಮಾರಿಯಾಗುತ್ತದೆ. ಲೈಲ್‌ನಂತೆ ತುಂಬಿದ ತೋಟಾಕ್ಕೆ ಈ ಕಾಟವೇ ಇಲ್ಲ. ಮೆತ್ತನೆಯ ತೋಟಾ ಕಟ್ಟುವವರು ಮಾತ್ರ ಮಾಡಬಹುದಾದ ತಪ್ಪು ಇದು. ಅವಳ ಹಿಂದೆ ಕೂತು ನೂರು ಸಲ ನೋಡಿಯೂ ನನ್ನ ತಲೆಗೆ ಹೋಗಿರಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಇನ್ನು ಮೂರು ಹೊಡೆದೆ. ಕೆಳಗಿನಿಂದಲೇ ಎತ್ತಿ ಹೊಡೆದೆ. ಒಂದು ಏಳುನೂರ ಅರವತ್ತೊಂದು ಬಂದಾಗ "ಹಾಂ!" ಎಂದು ಕಿರುಚಿಬಿಟ್ಟೆ. ಲೈಲ್ ಜೋರಾದ ಮೂರನ್ನು ಕೂಡಿ ಭಾಗಿಸಿದ. ಏಳುನೂರ ಐವತ್ತೈದು. ಗುಣಿಸಿದ. ಮತ್ತೊಂದು ಸಲ ಗುಣಿಸಿದ. ಅವನ ಮುಖದ ಮೇಲಿನ ತಮಾಷೆ ಅಳಿಸಿಹೋಗಿತ್ತು.

"ಒಂದು ಲಕ್ಷ ಹತ್ತೊಂಬತ್ತು ಸಾವಿರದ ನಾನೂರ ನಲವತ್ತೊಂದು."

ಬಿಸಿ ಚಿಲಿ ಎಂಬ ಮಾಂಸದ ಸಾರು ಹಾಗೂ ದಾಲ್ಚಿನ್ನಿ ರೋಲ್ ಹಂಚುತ್ತಿದ್ದ ಡೇರೆಯಿಂದಲೂ ನಾಲ್ಕು ಜನ ತಟ್ಟೆ ಹಿಡಿದುಕೊಂಡೇ ಇತ್ತ ಬಂದರು. ಮೇಜಿನ ಮೇಲೆ ಎಂಟನೇ ತೋಟಾ ಒಂದೇ ನಿಂತಿತ್ತು.

"ರೂಲ್ ಗೊತ್ತಲ್ಲ ವೆಲ್ಡಾ," ಲೈಲ್ ಮೆಲ್ಲಗೆ ಹೇಳಿದ. "ಇದನ್ನ ತೂಗಿಸ್ತೀಯೋ, ಹೊಡೆಸ್ತೀಯೋ? ಯಾವುದಾದ್ರೂ ಒಂದು."

"ಹೊಡೆಸು!" ಎಂದೆ ನಾನು.

ಎಲ್ಲರಿಗಿಂತ ಮೊದಲು, ಬೇಕಾದ್ದಕ್ಕಿಂತ ಜೋರಾಗಿ ಹೇಳಿಬಿಟ್ಟೆ. ನನ್ನ ಲೆಕ್ಕ ಅಷ್ಟರಲ್ಲೇ ಮುಗಿದಿತ್ತು. ಒಂದೇ ಒಂದು ಗುಂಡು ಮನೆಯಲ್ಲಿ ಹೋದಂತೆ ಏಳುನೂರ ಎಪ್ಪತ್ತಕ್ಕೆ ಹೋದರೆ ಸಾಕು, ಸರಾಸರಿ ಮೇಲೇರಿ ಗೆರೆ ದಾಟುತ್ತದೆ. ಅದಕ್ಕೆ ನಾನು ಮಾಡಬೇಕಾದದ್ದು ಇಷ್ಟೇ. ತೋಟಾ ತುಂಬಿ ಮುಚ್ಚುವಾಗ, ತಿರುಗುವ ನೆಪದಲ್ಲಿ, ಮೂತಿಯನ್ನು ಒಮ್ಮೆ ಆಕಾಶಕ್ಕೆ ತೋರಿಸಿ ಮೆಲ್ಲಗೆ ಇಳಿಸಿ ಹೊಡೆಯಬೇಕು. ಲೈಲ್‌ನ ಕಣ್ಣು ಯಂತ್ರದ ಅಂಕಿಯ ಮೇಲಿರುತ್ತದೆ. ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷದ ಗೆಳೆತನ, ಹದಿನಾಲ್ಕು ತಿಂಗಳ ನೋವು, ಎಲ್ಲ ಒಂದು ಗೇಣು ಮೇಲೆತ್ತುವುದರಲ್ಲಿತ್ತು. ನಾನು ಮಾಡಿಬಿಡುವವನೇ ಇದ್ದೆ. ಕೈ ಆಗಲೇ ತೋಟಾದ ಕಡೆ ಹೋಗಿತ್ತು.

ವೆಲ್ಡಾ ನನ್ನ ಮುಖ ನೋಡಿದಳು. ಲಾರಿ ಕಟ್ಟೆಯ ಕಿಟಕಿಯಿಂದ ಇಣುಕಿ ನೋಡುತ್ತಿದ್ದ ನೋಟ ಅದು. ಆಮೇಲೆ ನನ್ನನ್ನು ಬಿಟ್ಟು ತಕ್ಕಡಿಯ ಪಕ್ಕ ಬಿದ್ದಿದ್ದ ಮೊದಲ ಗುಂಡನ್ನು ಎತ್ತಿಕೊಂಡಳು. ಕನ್ನಡಕ ಹಣೆಗೇರಿಸಿ, ಗುಂಡನ್ನು ಕಣ್ಣ ಹತ್ತಿರ ತಂದು ತಿರುಗಿಸಿದಳು.

"ಲೈಲ್, ಆ ಸುತ್ತಿಗೆ ತಲೆ ಬಿಚ್ಚು."

"ಯಾಕೆ?"

"ಬಿಚ್ಚು ಅಂದೆ."

ಲೈಲ್ ಬಿಚ್ಚಿ ಅಂಗೈ ಮೇಲೆ ತಟ್ಟಿದ. ಮದ್ದಿನ ಕಪ್ಪು ಚೂರುಗಳ ಜೊತೆ ಪುಡಿಪುಡಿಯಾದ ನೀಲಿ ಮೇಣ ಉದುರಿತು.

ಸೀಸದ ಗುಂಡಿನ ಸೊಂಟದ ಸುತ್ತ ಒಂದು ತೋಡು ಇರುತ್ತದೆ. ನಳಿಗೆಗೆ ಸೀಸ ಮೆತ್ತಿಕೊಳ್ಳದಿರಲೆಂದು ಅದರಲ್ಲಿ ಮೇಣ ತುಂಬುತ್ತೇವೆ. ಮೇಣವೂ ಗುಂಡಿನ ತೂಕವೇ. ವೆಲ್ಡಾ ಕೈಯಲ್ಲಿದ್ದ ಗುಂಡನ್ನು ನಮ್ಮ ಮುಂದೆ ಹಿಡಿದಳು. ತೋಡು ಖಾಲಿ, ಸೀಸ ಬೆಳ್ಳಗೆ ಕಾಣುತ್ತಿತ್ತು.

"ಎರಡು ಏಟು ಸಾಕಿತ್ತು ಲೈಲ್. ಐದು ಬಡಿದೆ. ಈ ಚಳಿಗೆ ಮೇಣ ಬಿಸ್ಕತ್ತಿನ ಹಾಗೆ ಒಡೆದು ಉದುರಿದೆ. ನನ್ನ ಡಬ್ಬೀಲಿ ನೂರ ಐವತ್ತೊಂಬತ್ತಕ್ಕಿಂತ ಕಡಿಮೆ ತೂಕದ ಗುಂಡು ಇಲ್ಲ."

"ಹಾಗಾದ್ರೆ ಅದನ್ನೇ ಮತ್ತೆ ತೂಗು ಅನ್ನು!" ಎಂದು ನಾನು ಕೂಗಿದೆ. "ಇವನ ತಪ್ಪಿಗೆ ನೀನ್ಯಾಕೆ ಸೋಲ್ಬೇಕು?"

"ಬಾಯ್ಮುಚ್ಚು ರಾಯ್ಸ್. ಬೆಳಿಗ್ಗೆಯಿಂದ ಎಲ್ಲರದ್ದೂ ಅದೇ ಸುತ್ತಿಗೇಲಿ ಬಿಚ್ಚಿದ್ದಾನೆ. ತೂಗಿದ್ದು ತೂಗಿ ಆಯ್ತು." ಎಂಟನೇ ತೋಟಾವನ್ನು ಬೆರಳಲ್ಲಿ ಮುಟ್ಟಿದಳು. "ಇದನ್ನ ತೂಗಿಸ್ತೀನಿ. ಆದ್ರೆ ಸುತ್ತಿಗೆ ಬೇಡ. ಕ್ಲಬ್ಬಿನ ಪ್ರೆಸ್ ಇದೆಯಲ್ಲ, ಅದರ ದವಡೇಲಿ ಗುಂಡಿನ ತುದಿ ಹಿಡಿದು ಮೆಲ್ಲಗೆ ಎಳಿ. ರೂಲ್‌ನಲ್ಲಿ ಸುತ್ತಿಗೇಲೇ ಬಿಚ್ಚಬೇಕು ಅಂತ ಇದ್ರೆ ತೋರಿಸು, ಈಗಲೇ ಮನೆಗೆ ಹೋಗ್ತೀನಿ."

ಲೈಲ್ ನಿಯಮದ ಪುಸ್ತಕ ತೆಗೆದ. ತೊಡೆಯಷ್ಟು ದಪ್ಪದ ಬೆರಳನ್ನು ಸಾಲಿನ ಕೆಳಗಿಟ್ಟು ಓದಿದ. ತಿರುಗಿಸಿದ, ಮತ್ತೆ ಓದಿದ. ನನಗೆ ಅವನ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಕೆನ್ನಿಸಿತು. ಅವಳ ಸೊನ್ನೆ ಅವನಿಗೆ ಲಾಭ. ಹಿರಿಯರ ಸಾಲಿನಲ್ಲಿ ಅವನಿಗೆ ಯಾರಾದರೂ ಎದುರು ಇದ್ದರೆ ಅದು ಅವಳೇ. "ಇಲ್ಲ" ಎಂದು ಒಂದು ಮಾತು ಹೇಳಿದರೆ ಮುಗಿಯಿತು.

"ಬಿಚ್ಚಿ ತೂಗಬೇಕು ಅಂತಷ್ಟೇ ಇದೆ," ಎಂದು ಪುಸ್ತಕ ಮುಚ್ಚಿದ. "ಹೇಗೆ ಬಿಚ್ಚಬೇಕು ಅಂತ ಬರೆದಿಲ್ಲ. ಎಳೀತೀನಿ."

ಅಯ್ಯಾ, ಲೈಲ್ ವೋಂಡ್ರಾ! ಇಪ್ಪತ್ತು ವರ್ಷ ನಿನ್ನನ್ನು ಬೈದ ಪಾಪಕ್ಕೆ ಅವತ್ತೇ ಮನಸ್ಸಿನಲ್ಲಿ ಕ್ಷಮೆ ಕೇಳಿದೆ.

ಎಲ್ಲರೂ ಪ್ರೆಸ್ ಇದ್ದ ಕ್ಲಬ್ಬಿನ ಶೆಡ್ಡಿಗೆ ನುಗ್ಗಿದೆವು. ಲೈಲ್ ತೋಟಾವನ್ನು ಪ್ರೆಸ್ಸಿನಲ್ಲಿ ನಿಲ್ಲಿಸಿ, ದವಡೆಯನ್ನು ಗುಂಡಿನ ಮೂಗಿಗೆ ಬಿಗಿದ. ಸೀಸ ಮೆತ್ತಗೆ. ಹೆಚ್ಚು ಬಿಗಿದರೆ ಕೊಯ್ದುಕೊಂಡು ಚೂರು ಉದುರುತ್ತದೆ, ಕಡಿಮೆ ಬಿಗಿದರೆ ಜಾರುತ್ತದೆ. ಹಿಡಿಕೆ ಒತ್ತಿದ. ಜಾರಿತು. ಯಾರೋ "ಅಯ್ಯೋ" ಅಂದರು. ಕಾಲು ಸುತ್ತು ಬಿಗಿದು ಮತ್ತೆ ಒತ್ತಿದ. ಕೊಳವೆ ಕೆಳಗಿಳಿಯಿತು, ಕೂದಲೆಳೆಯಷ್ಟು, ಇನ್ನೂ ಕೂದಲೆಳೆಯಷ್ಟು. ಹಿತ್ತಾಳೆಯ ಬಾಯಿಂದ ನೀಲಿ ಉಂಗುರವೊಂದು ಮೆಲ್ಲಗೆ ಮೇಲೆ ಬಂತು. ಮೇಣ! ಪೂರ್ತಿ ಇತ್ತು!

ಲೈಲ್ ಗುಂಡನ್ನು ಎರಡು ಬೆರಳಲ್ಲಿ ಹಕ್ಕಿ ಮೊಟ್ಟೆ ಹಿಡಿದ ಹಾಗೆ ಹಿಡಿದು ಮೇಜಿಗೆ ತಂದ. ತಕ್ಕಡಿಯ ಮೇಲೆ ಇಟ್ಟ. ಗೆರೆ ದಾಟಲು ನೂರ ಐವತ್ತೊಂಬತ್ತು ಬೇಕೇ ಬೇಕು. ಅಂಕಿ ಓಡಿತು. ನೂರ ಐವತ್ತೆಂಟು ಪಾಯಿಂಟ್ ಒಂಬತ್ತಕ್ಕೆ ನಿಂತಿತು.

"ಸರೀರಪ್ಪಾ, ಗಾಳಿ ಬರ್ತಿದೆ, ಹಿಂದೆ ಸರೀರಪ್ಪಾ!" ಎಂದು ಲೈಲ್ ಎರಡು ಕೈಯಲ್ಲಿ ಎಲ್ಲರನ್ನೂ ತಳ್ಳಿ ರಟ್ಟಿನ ಮುಚ್ಚಳ ಹಾಕಿದ. ಸಂದಿಯಿಂದ ಇಣುಕಿದ. ಅಂಕಿ ನಡುಗಿತು. ಏರಿತು. ನಿಂತಿತು.

"ನೂರ ಐವತ್ತೊಂಬತ್ತು... ಪಾಯಿಂಟ್ ಎರಡು!" ಪೆನ್ಸಿಲ್ ಹುಡುಕಿದ, ಅದು ಅವನ ಕಿವಿಯ ಮೇಲೇ ಇತ್ತು. ಗುಣಿಸಿದ. ಎದ್ದು ನಿಂತು ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದ. "ಒಂದು ಲಕ್ಷ ಇಪ್ಪತ್ತು ಸಾವಿರದ ನೂರ ತೊಂಬತ್ತಾರು! ಪಾಸು! ಹತ್ತಿ ಉಂಡೆ ಪಾಸು!"

ಚಿಲಿ ತಟ್ಟೆಗಳು ಎಲ್ಲಿ ಬಿದ್ದವೋ ಗೊತ್ತಿಲ್ಲ. ನಾನು ಪಕ್ಕದವನ ಬೆನ್ನಿಗೆ ಗುದ್ದಿ ಗುದ್ದಿ ಕುಣಿದೆ. ಅವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ವೆಲ್ಡಾ ಮಾತ್ರ ನಿಂತಲ್ಲೇ ಮರದ ದಿಮ್ಮಿಯ ಮೇಲೆ ಕೂತುಬಿಟ್ಟಳು.

"ಆ ಸುತ್ತಿಗೇನ ನನ್ನ ಕಣ್ಣಿಗೆ ಕಾಣದ ಹಾಗೆ ಇಡ್ರೋ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಎಡ್ವಿನ್ ಹೋದಾಗಲೂ ನಾನು ಅದನ್ನು ಕಂಡಿರಲಿಲ್ಲ.

ಅವತ್ತು ವೆಲ್ಡಾ ಹೊಡೆದಳು ನೋಡಿ! ಆರು ಕಬ್ಬಿಣದ ತಟ್ಟೆಗಳ ಸಾಲಿನ ಮುಂದೆ, ಗಂಡನ ಕೋಟಿನ ತೋಳು ಮಡಚಿಕೊಂಡು ನಿಂತಳು. ಗಂಟೆ ಬಡಿಯಿತು. ಟಣ್, ಟಣ್, ಟಣ್. ಒಂದಾದ ಮೇಲೊಂದು ಮಲಗಿದವು. ಪ್ರತಿ ಟಣ್‌ಗೂ ನಾನು ಮೇಜು ಬಿಟ್ಟು ಎದ್ದು ಕೂಗುತ್ತಿದ್ದೆ. ಲೈಲ್ ಪ್ರತಿ ಸಲವೂ ನನ್ನ ಅಂಗಿ ಹಿಡಿದು ಕೂರಿಸಿ, "ಕೆಲಸ ನೋಡೋ, ಜನ ಕಾಯ್ತಿದ್ದಾರೆ" ಅನ್ನುತ್ತಿದ್ದ. ಅನ್ನುತ್ತಲೇ ತಾನೂ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಕೊನೆಕೊನೆಗೆ ಅವಳ ಕೈ ಸೋತಿತು, ಮೂರು ಗುರಿ ತಪ್ಪಿದವು. ಸಂಜೆ ಕ್ಲಬ್ಬಿನ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅರವತ್ತನಾಲ್ಕು ಜನರಲ್ಲಿ ಅವಳದ್ದು ಮೂವತ್ತೊಂದನೇ ಸ್ಥಾನ. ಹಿರಿಯರಲ್ಲಿ ಲೈಲ್‌ನೇ ಗೆದ್ದ.

"ಮೂವತ್ತೊಂದು!" ಎಂದಳು ವೆಲ್ಡಾ, ಯಾರೋ ಅವಳಿಗೆ ಕಿರೀಟ ಇಟ್ಟ ಹಾಗೆ. "ಸೊನ್ನೆ ಅಲ್ಲ ರಾಯ್ಸ್. ಮೂವತ್ತೊಂದು."

ಅವಳ ಪೆಟ್ಟಿಗೆ ಹೊತ್ತು ಕಾರಿನ ತನಕ ಹೋದೆ. ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. ಡಿಕ್ಕಿ ಮುಚ್ಚಿ ಅವಳು ನನ್ನತ್ತ ತಿರುಗಿದಳು.

"ಹೊಡೆಸು ಅಂದೆಯಲ್ಲ. ಯಾಕೆ?"

"ಸುಮ್ನೆ. ಒಂದಾದ್ರೂ ಜೋರು ಬರಬಹುದು ಅಂತ..." ಎಂದು ಶುರು ಮಾಡಿದೆ. ಅವಳು ಕಾದಳು. ಆ ಕಣ್ಣಿನ ಮುಂದೆ ನಮ್ಮಪ್ಪನಂಥ ಅಪ್ಪನಿಗೇ ಸುಳ್ಳು ಹೇಳಲಾಗಿರಲಿಲ್ಲ, ನಾನೆಷ್ಟರವನು? "ಮೂತಿ ಎತ್ತಿ ಇ‌ಳಿಸಿ ಹೊಡೀಬೇಕು ಅಂತಿದ್ದೆ" ಎಂದೆ. "ನೀನು ಆಟ ಬಿಟ್ಟುಬಿಡ್ತೀಯ ಅಂತ ಹೆದರಿಕೆಯಾಯ್ತು ವೆಲ್ಡಾ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿಕೊಂಡಳು.

"ಹಾಗೆ ಮಾಡಿದ್ರೆ ಪಾಸಾಗ್ತಿದ್ದೆ," ಎಂದಳು. "ಆಮೇಲೆ ನನ್ನ ತೋಟಾ ನಿಜವಾಗಿ ಪಾಸಾಗೋದೇ ಅಂತ ಸಾಯೋವರೆಗೂ ಗೊತ್ತಾಗ್ತಿರಲಿಲ್ಲ. ಅದಕ್ಕಿಂತ ಹೆಣಿಗೆ ವಾಸಿ."

ಅವಳು ಕಾರಿನಲ್ಲಿ ಕೂತು, ಇಂಜಿನ್ ಶುರು ಮಾಡಿ, ಕಿಟಕಿ ಗಾಜು ಇಳಿಸಿದಳು.

"ನಾಳೆ ಚರ್ಚ್ ಮುಗಿಸ್ಕೊಂಡು ಬಾ. ಏಪ್ರಿಲ್ ಪಂದ್ಯಕ್ಕೆ ಸಾವಿರ ಗುಂಡು ಎರಕ ಹೊಯ್ಯಬೇಕು, ಒಬ್ಬಳ ಕೈಲಿ ಆಗಲ್ಲ," ಎಂದಳು. "ಸೀಸ ಕರಗಿಸು, ಅಚ್ಚು ಹಿಡಿ, ಮೇಣ ತುಂಬು. ತಕ್ಕಡಿ ಮಾತ್ರ ಮುಟ್ಟಬೇಡ."